ತೋಪಿಗೆ ಕಾಲು ಬಂದ ಬಗೆ

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಮಗ್ಗುಲಿನಿಂದ ದಕ್ಷಿಣಕ್ಕೆ ಸಾಗುವ ಕನಕಪುರ ರಸ್ತೆ ಇಂದು ಮೆಟ್ರೊ ಕಂಬಗಳ ನೆರಳಿನಲ್ಲಿದೆ. 1791ರ ಮೇ ತಿಂಗಳ ಮೊದಲ ವಾರದಲ್ಲಿ ಇದೇ ದಿಕ್ಕಿಗೆ, ಆಗ ಕಂಕಾನಹಳ್ಳಿ ಎನ್ನಿಸಿಕೊಂಡಿದ್ದ ಕನಕಪುರದ ಕಡೆಗೆ, ಬೆಂಗಳೂರು ಕೋಟೆಯಿಂದ ದೊಡ್ಡದೊಂದು ದಂಡು ಹೊರಟಿತು. ಅದರ ಮುಂದಾಳು ಈಸ್ಟ್ ಇಂಡಿಯಾ ಕಂಪೆನಿಯ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್. ಮಾರ್ಚ್ 7ರಂದು ಪೇಟೆಯನ್ನೂ, ಅದೇ ತಿಂಗಳ 21ರ ರಾತ್ರಿ ಕೋಟೆಯನ್ನೂ ಆತ ಹಿಡಿದಿದ್ದ. ಇನ್ನುಳಿದದ್ದು ಶ್ರೀರಂಗಪಟ್ಟಣ. ಅದರ ಗೋಡೆ ಒಡೆಯಲು ಬೇಕಾದ ಭಾರಿ ತೋಪುಗಳು ದಂಡಿನ ಜತೆಯಲ್ಲೇ ಇದ್ದವು.

ಚನ್ನಪಟ್ಟಣದ ದಾರಿಯಲ್ಲಿ ಟಿಪ್ಪು ಸುಲ್ತಾನ್ ಮೇವು, ಧಾನ್ಯ ಒಂದನ್ನೂ ಉಳಿಸದೆ ಸುಡಿಸಿದ್ದ. ಆದ್ದರಿಂದಲೇ ಕಾರ್ನ್‌ವಾಲಿಸ್ ಕಂಕಾನಹಳ್ಳಿ, ಮಳವಳ್ಳಿಗಳ ಬಳಸು ದಾರಿ ಹಿಡಿದದ್ದು. ಅಲ್ಲಿಯೂ ಹುಲ್ಲುಕಡ್ಡಿ ಸಿಗಲಿಲ್ಲ. ಹೊಟ್ಟೆಗಿಲ್ಲದ ಎತ್ತುಗಳಿಗೆ ರೋಗ ಬೇರೆ ತಗುಲಿತು. ಮಳೆಯೂ ಮುಂಚಿತವಾಗಿಯೇ ಹಿಡಿಯಿತು. ಶ್ರೀರಂಗಪಟ್ಟಣದ ಬಳಿಯ ಅರಕೆರೆಯಲ್ಲಿ ಮೇ 15ರಂದು ನಡೆದ ಕಾಳಗದಲ್ಲಿ ಕಂಪೆನಿಯ ಕೈ ಮೇಲಾಯಿತು. ಆದರೆ ಗೆದ್ದ ದಂಡಿಗೆ ತನ್ನ ತೋಪುಗಳನ್ನು ಅಲುಗಿಸುವುದೇ ಆಗಲಿಲ್ಲ. ಸತ್ತ ಎತ್ತುಗಳ ಜಾಗದಲ್ಲಿ ಸಿಪಾಯಿಗಳೇ ಹಗ್ಗಕ್ಕೆ ಹೆಗಲು ಕೊಟ್ಟು ಅವನ್ನು ಕಣ್ಣಂಬಾಡಿಯವರೆಗೆ ಎಳೆದರು. ಇಂದು ಕೃಷ್ಣರಾಜಸಾಗರದ ನೀರು ನಿಂತಿರುವ ಆ ಜಾಗದಲ್ಲಿ, ಮೇ 22ರಂದು, ಕಾರ್ನ್‌ವಾಲಿಸ್ ತನ್ನ ಮುತ್ತಿಗೆಯ ತೋಪುಗಳನ್ನು ತಾನೇ ಒಡೆಸಿ ಹಾಕಿ ಬೆಂಗಳೂರಿನತ್ತ ತಿರುಗಿದ. ಸೋಲಿಲ್ಲದ ಸೈನ್ಯವೊಂದು ಹಿಮ್ಮೆಟ್ಟಿದ್ದು ಎತ್ತಿಲ್ಲದ್ದರಿಂದ.

ಫಿರಂಗಿಯ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಅದರ ಬಾಯಿಯ ಕಡೆಯಿಂದ ಬರೆಯುತ್ತಾರೆ: ಗುಂಡು ಎಷ್ಟು ತೂಕ, ಎಷ್ಟು ದೂರ ಹೋಗುತ್ತದೆ, ಎಂಥ ಗೋಡೆ ಒಡೆಯುತ್ತದೆ. ಆದರೆ ರಣರಂಗಕ್ಕೆ ಬಂದು ತಲುಪದ ತೋಪು ಬರಿಯ ಲೋಹದ ದಿಮ್ಮಿ. ಇಪ್ಪತ್ತನಾಲ್ಕು ಪೌಂಡಿನ ಗುಂಡು ಹಾರಿಸುವ ಆ ಕಾಲದ ಕಬ್ಬಿಣದ ತೋಪಿನ ನಳಿಗೆಯೊಂದೇ ಸುಮಾರು ಎರಡೂವರೆ ಟನ್ ತೂಗುತ್ತಿತ್ತು. ಅದರ ಮೇಲೆ ಬಂಡಿ, ಮದ್ದು, ಗುಂಡುಗಳ ಭಾರ ಬೇರೆ. ಹತ್ತಾರು ಜೋಡಿ ಎತ್ತು, ಏರಿನಲ್ಲಿ ಹಿಂದಿನಿಂದ ಹಣೆಯೊತ್ತಿ ತಳ್ಳಲು ಆನೆ, ಇವಿಲ್ಲದೆ ಅದು ಹೆಜ್ಜೆ ಕೀಳುತ್ತಿರಲಿಲ್ಲ. ತೋಪಿಗೆ ತನ್ನದೇ ಕಾಲು ಬರುವುದು ಇನ್ನೂ ನೂರು ವರ್ಷಗಳಿಗೂ ಮೀರಿದ ದೂರದಲ್ಲಿತ್ತು.

ಹಾಗೆ ತನ್ನದೇ ಎಂಜಿನ್ನಿನಿಂದ ನಡೆಯುವ ತೋಪಿಗೆ ಇಂಗ್ಲಿಷಿನಲ್ಲಿ ಸೆಲ್ಫ್ ಪ್ರೊಪೆಲ್ಡ್ ಗನ್ ಎಂದು ಹೆಸರು. ಕನ್ನಡದಲ್ಲಿ ಇದಕ್ಕೆ ಸ್ವಯಂಚಾಲಿತ ಫಿರಂಗಿ ಎಂದು ಬರೆಯುವ ರೂಢಿಯಿದ್ದರೂ ಅದು ಅಷ್ಟು ಸರಿಯಲ್ಲ. ಅದನ್ನು ಓದಿದವರಿಗೆ ತಾನಾಗಿಯೇ ಗುಂಡು ಹಾರಿಸುವ ಯಂತ್ರ ಕಣ್ಣಿಗೆ ಬರುತ್ತದೆ. ತಾನೇ ನಡೆಯುವ ತೋಪು ಎಂದರೆ ವಿಷಯ ತಿಳಿಯಾಗುತ್ತದೆ. ನೋಡಲು ಟ್ಯಾಂಕಿನಂತೆಯೇ ಕಂಡರೂ ಕೆಲಸ ಬೇರೆ. ಟ್ಯಾಂಕು ಕಣ್ಣಿಗೆ ಕಾಣುವ ಶತ್ರುವಿನೊಡನೆ ಮುಖಾಮುಖಿ ಹೋರಾಡುತ್ತದೆ. ಇದು ಹಿಂದೆ ನಿಂತು, ಹತ್ತಿಪ್ಪತ್ತು ಮೈಲಿ ಆಚೆಯ ಗುರಿಯ ಮೇಲೆ ಗುಂಡನ್ನು ಎತ್ತರಕ್ಕೆ ಎಸೆದು ಕೆಡವುತ್ತದೆ.

ಎಂಜಿನ್ನಿಗೂ ಮುಂಚೆ ತೋಪಿನ ಓಟದಲ್ಲಿ ಮೈಸೂರಿಗೆ ಸರಿಸಾಟಿಯಿರಲಿಲ್ಲ. ಅದಕ್ಕೆ ಕಾರಣ ಅಮೃತಮಹಲ್ ತಳಿ. ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಸಾಕಿದ್ದ ಹಳ್ಳಿಕಾರ್ ಹಸುಗಳ ಮಂದೆ, 1610ರಲ್ಲಿ ರಾಜ ಒಡೆಯರು ಆ ಪಟ್ಟಣವನ್ನು ವಶಪಡಿಸಿಕೊಂಡಾಗ ಮೈಸೂರು ಅರಸರ ಪಾಲಿಗೆ ಬಂತು. ಮುಂದೆ ಬಂದ ಕಂಠೀರವ ನರಸರಾಜ ಒಡೆಯರು ಈ ಮಂದೆಗಳಿಗೆಂದೇ ರಾಜ್ಯದ ಹಲವೆಡೆ ಹುಲ್ಲುಗಾವಲುಗಳನ್ನು ಬಿಟ್ಟುಕೊಟ್ಟರು. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಇದು ‘ಬೆಣ್ಣೆ ಚಾವಡಿ’ ಎಂಬ ಪ್ರತ್ಯೇಕ ಇಲಾಖೆಯೇ ಆಯಿತು. ಹೆಸರೇ ಹೇಳುವಂತೆ ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಕೆಲಸ. ಬೆಣ್ಣೆಯ ಇಲಾಖೆಯನ್ನು ಯುದ್ಧದ ಇಲಾಖೆಯಾಗಿ ಮಾರ್ಪಡಿಸಿದವನು ಹೈದರ್ ಅಲಿ. ಅದಕ್ಕೆ ಅಮೃತಮಹಲ್ ಎಂಬ ಹೆಸರು ಕೊಟ್ಟವನು ಅವನ ಮಗ ಟಿಪ್ಪು. ಹೆಸರಿನಲ್ಲಿ ಹಾಲಿನ ವಾಸನೆ ಉಳಿಯಿತು, ಕೆಲಸ ಮಾತ್ರ ಮದ್ದುಗುಂಡಿನದಾಯಿತು. ಹೈದರನ ಬಳಿ ಅರವತ್ತು ಸಾವಿರ ಎತ್ತುಗಳಿದ್ದುವೆಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಆ ಲೆಕ್ಕವನ್ನು ಎಷ್ಟು ನಂಬಬೇಕೆಂಬುದು ಬೇರೆ ಮಾತು. ಮಂದೆ ದೊಡ್ಡದಿತ್ತು ಎಂಬುದರಲ್ಲಿ ಅನುಮಾನವಿಲ್ಲ.

ಈ ದನಗಳು ಕೊಟ್ಟಿಗೆ ಕಂಡವಲ್ಲ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಬೇರೆ ಬೇರೆ ಕಾವಲುಗಳಿದ್ದವು. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಹರಡಿದ್ದ ಈ ಬಯಲುಗಳ ನಡುವೆ ಮಂದೆಗಳು ಋತು ನೋಡಿಕೊಂಡು ಅಲೆಯುತ್ತಿದ್ದವು. ಹತ್ತಿರ ಹೋಗುವುದೆಂದರೆ ಬಲ್ಲ ದನಗಾಹಿಗಳಿಗೂ ಎಚ್ಚರ ಬೇಕಾಗಿತ್ತು. ಬೂದು ಮೈ, ಕಿರಿದಾದ ಮುಖ, ಹಿಂದಕ್ಕೆ ಬಾಗಿ ಮೇಲೆದ್ದು ಚೂಪಾಗುವ ಉದ್ದ ಕೊಂಬು. ಅವುಗಳ ಕಣ್ಣಲ್ಲಿ ಕಾಡುಪ್ರಾಣಿಯ ದಿಗಿಲು ಹೋಗುತ್ತಲೇ ಇರಲಿಲ್ಲ. ಹೋರಿಗಳು ನಾಲ್ಕೈದು ವರ್ಷದವಾದಾಗ ದೊಡ್ಡಿಗೆ ಅಟ್ಟಿ, ಕಣ್ಣಿ ಎಸೆದು ಹಿಡಿದು, ಗಟ್ಟಿ ಗೂಟಕ್ಕೆ ಬಿಗಿದು ಪಳಗಿಸಬೇಕು. ಬಳಿಕ ಬುದ್ಧಿ ಕಲಿತ ಹಳೆಯ ಎತ್ತಿನ ಜೋಡಿಯಾಗಿ ನೊಗಕ್ಕೆ ಹೂಡಬೇಕು. ಈ ಕೆಲಸದ ಗುಟ್ಟೆಲ್ಲ ಇದ್ದದ್ದು ಆ ಹಿರಿಯ ಎತ್ತಿನಲ್ಲಿ ಎಂದರೂ ಸಲ್ಲುತ್ತದೆ. ಒಮ್ಮೆ ಪಳಗಿದ ಅಮೃತಮಹಲ್ ಜೋಡಿ ನಡಿಗೆಯಲ್ಲಿ ಕಾಲಾಳನ್ನು ಹಿಂದೆ ಹಾಕುತ್ತಿತ್ತು. ಹೆಚ್ಚು ತೂಕ ಎಳೆಯುವುದಕ್ಕಿಂತಲೂ ಹೆಚ್ಚು ದೂರವನ್ನು ಹೆಚ್ಚು ಬೇಗ ಕ್ರಮಿಸುವುದು ಅದರ ದೊಡ್ಡ ಗುಣ.

ಅದರ ಫಲ ರಣರಂಗದಲ್ಲಿ ಕಂಡಿತು. 1781ರಲ್ಲಿ ಚಿದಂಬರದ ನೆರವಿಗೆಂದು ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆಸಿದ್ದು ಈ ಎತ್ತುಗಳ ಬಲದಿಂದ. ಸೋತ ಕಾಳಗಗಳಲ್ಲೂ ಶತ್ರುವಿನ ಕಣ್ಣೆದುರೇ ತೋಪುಗಳನ್ನು ಎಳೆದುಕೊಂಡು ಪಾರಾಗುತ್ತಿದ್ದುದು ಆಂಗ್ಲರಿಗೆ ಒಗಟಾಗಿತ್ತು. ತೋಪು ಕಳೆದುಕೊಳ್ಳದವನು ಸೋತರೂ ಮರುವಾರ ಮತ್ತೆ ಎದುರು ನಿಲ್ಲಬಲ್ಲ. ಟಿಪ್ಪು 1783ರಲ್ಲಿ ಬಿದನೂರನ್ನು ಮರಳಿ ಪಡೆಯಲು ಒಂದೇ ತಿಂಗಳಲ್ಲಿ ಪರ್ಯಾಯದ್ವೀಪವನ್ನು ಅಡ್ಡಹಾಯ್ದ. 1790ರಲ್ಲಿ ಜನರಲ್ ಮೆಡೋಸ್‌ನ ಎದುರು ಎರಡು ದಿನದಲ್ಲಿ ಅರವತ್ತಮೂರು ಮೈಲಿ ಸಾಗಿದ. ಇದಾದ ಮರುವರ್ಷವೇ ಕಾರ್ನ್‌ವಾಲಿಸನ ಸೊರಗಿದ ಎತ್ತುಗಳು ಅರಕೆರೆಯ ಕೆಸರಿನಲ್ಲಿ ಕುಸಿದವು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಅಂತರ ತಿಳಿಯುತ್ತದೆ.

ಮೈಸೂರಿನ ಇನ್ನೊಂದು ಆಯುಧವಾದ ರಾಕೆಟ್ಟಿಗೆ ಎಳೆಯುವವರೇ ಬೇಕಿರಲಿಲ್ಲ; ಕಬ್ಬಿಣದ ಕೊಳವೆಯ ಆ ಬಾಣವನ್ನು ಒಬ್ಬನೇ ಹೊತ್ತು ಒಯ್ಯಬಹುದಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದರಿಂದ ಇಂಥವು ಸಾವಿರಕ್ಕೂ ಮೇಲೆ ಸಿಕ್ಕಿದುವು. ಅದರ ಕಥೆ ಸಾಕಷ್ಟು ಪ್ರಚಾರ ಪಡೆದಿದೆ. ಎತ್ತಿನ ಕಥೆಗೆ ಆ ಭಾಗ್ಯವಿಲ್ಲ.

ಕಾರ್ನ್‌ವಾಲಿಸ್ ಪಾಠ ಕಲಿತ. ಅವನ ದಂಡಿಗೆ ಆಮೇಲೆ ಧಾನ್ಯ ತಂದು ಸುರಿದವರಲ್ಲಿ ಲಂಬಾಣಿಗಳದ್ದು ದೊಡ್ಡ ಪಾಲು. ಹೇರೆತ್ತುಗಳ ಸಾಲು ಕಟ್ಟಿ ಅವರು ನಡೆಸುತ್ತಿದ್ದ ವ್ಯಾಪಾರ ಯುದ್ಧದ ಬೆನ್ನೆಲುಬಾಯಿತು. 1791ರ ಕೊನೆಯೊಳಗೆ ನಂದಿದುರ್ಗ, ಸಾವನದುರ್ಗಗಳು ಬಿದ್ದವು. 1792ರ ಫೆಬ್ರವರಿಯಲ್ಲಿ ತೋಪುಗಳು ಶ್ರೀರಂಗಪಟ್ಟಣದೆದುರು ನಿಂತವು. 1799ರಲ್ಲಿ ಬಂದ ಜನರಲ್ ಹ್ಯಾರಿಸ್‌ನ ದಂಡು ಕೂಡ ಕಂಕಾನಹಳ್ಳಿ, ಮಳವಳ್ಳಿಯ ದಾರಿಯನ್ನೇ ಹಿಡಿಯಿತು. ಎತ್ತುಗಳು ಸಾಯುವುದು ಆಗಲೂ ತಪ್ಪಲಿಲ್ಲ, ಆದರೆ ಈ ಸಲ ತೋಪುಗಳು ತಲುಪಿದವು. ಮೇ 4ರಂದು ಟಿಪ್ಪು ಮಡಿದ.

ಶ್ರೀರಂಗಪಟ್ಟಣದ ಲೂಟಿಯಲ್ಲಿ ಹುಲಿಯ ಸಿಂಹಾಸನದ ಚೂರು, ಗ್ರಂಥಗಳು, ಒಡವೆಗಳು ಲಂಡನ್ನಿಗೆ ಹೋದದ್ದು ಎಲ್ಲರಿಗೂ ಗೊತ್ತು. ಸೈನಿಕರ ದೃಷ್ಟಿಯಿಂದ ಅಷ್ಟೇ ಬೆಲೆಯ ಸೊತ್ತೆಂದರೆ ಅಮೃತಮಹಲ್ ಮಂದೆ. ಟಿಪ್ಪು ಆ ಇಲಾಖೆಗೆ ಬರೆಸಿದ್ದ ಹುಕುಂನಾಮೆಯನ್ನು ಕಂಪೆನಿಯವರು ಹೆಚ್ಚು ಬದಲಾಯಿಸದೆ ತಮ್ಮ ಅಧಿಕಾರಿಗಳಿಗೂ ಅನ್ವಯಿಸಿದರು. 1800ರಲ್ಲಿ ದೋಂಡಿಯ ವಾಘನನ್ನು ಬೆನ್ನಟ್ಟಿ ಕೊಂದ ಆರ್ಥರ್ ವೆಲ್ಲೆಸ್ಲಿಗೆ ಮೈಸೂರಿನ ಎತ್ತಿನ ಬೆಲೆ ಚೆನ್ನಾಗಿ ತಿಳಿದಿತ್ತು. ಮುಂದೆ ಸ್ಪೇನ್, ಪೋರ್ಚುಗಲ್‌ಗಳಲ್ಲಿ ನೆಪೋಲಿಯನ್ನನ ಸೇನೆಯೊಡನೆ ಸೆಣಸುವಾಗ ಆತ ಮೈಸೂರಿನ ಎತ್ತುಗಳು ಇಲ್ಲಿಲ್ಲವಲ್ಲ ಎಂದು ಪೇಚಾಡಿದ್ದುಂಟು. ಅದೇ ವೆಲ್ಲೆಸ್ಲಿಯೇ ಡ್ಯೂಕ್ ಆಫ್ ವೆಲಿಂಗ್ಟನ್.

ಆ ಬಳಿಕದ ಕಥೆ ಕಚೇರಿಗಳದು. ಮೊದಲು ಮಂದೆಯನ್ನು ಮೈಸೂರು ಸರ್ಕಾರಕ್ಕೆ ಒಪ್ಪಿಸಿದರು. ತಳಿ ಕೆಡುತ್ತಿದೆಯೆಂದು 1813ರಲ್ಲಿ ಮರಳಿ ಪಡೆದು ಕ್ಯಾಪ್ಟನ್ ಹಾರ್ವೆಗೆ ವಹಿಸಿದರು. ಹುಣಸೂರು ಅದರ ಕೇಂದ್ರವಾಯಿತು. ಸುಮಾರು ಅರ್ಧ ಶತಮಾನ ಮದರಾಸು ಸೇನೆಯ ತೋಪುಗಳನ್ನು ಇಲ್ಲಿಯ ಎತ್ತುಗಳೇ ಎಳೆದವು. 1860ರಲ್ಲಿ ಮದರಾಸು ಸರ್ಕಾರಕ್ಕೆ ಖರ್ಚು ಉಳಿಸುವ ಯೋಚನೆ ಬಂತು. ಇಲಾಖೆಯನ್ನು ಮುಚ್ಚಿ ಮಂದೆಯನ್ನು ಹರಾಜು ಹಾಕಿದರು. ಎರಡೂವರೆ ಶತಮಾನ ಆಯ್ದು ಬೆಳೆಸಿದ ತಳಿ ಒಂದೆರಡು ವರ್ಷಗಳಲ್ಲಿ ಚೆಲ್ಲಾಪಿಲ್ಲಿಯಾಯಿತು. ಸಂತೆಯಲ್ಲಿ ಎತ್ತು ಕೊಂಡುಕೊಳ್ಳಬಹುದಲ್ಲ ಎಂಬ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇದ್ದಿರಬೇಕು. ಅಂಥ ಎತ್ತು ಸಂತೆಯಲ್ಲಿ ಸಿಗುವುದಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಮಂದೆ ಹೋಗಿಯಾಗಿತ್ತು. 1866ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ನೆರವು ಪಡೆದು, ಉಳಿದ ದನಗಳನ್ನು ಹುಡುಕಿ ಕೂಡಿಸಿ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಬಂತು.

ವಿಚಿತ್ರವೆಂದರೆ ಎತ್ತನ್ನು ತೋಪಿನ ನೊಗದಿಂದ ಬಿಡಿಸುವ ಮೊದಲ ಪ್ರಯತ್ನ ನಡೆದದ್ದು ಹೈದರನ ಕಾಲದಲ್ಲೇ. 1769ರಲ್ಲಿ ಆತ ಮದರಾಸಿನ ಬಾಗಿಲಲ್ಲಿ ನಿಂತು ಕಂಪೆನಿಯಿಂದ ಒಪ್ಪಂದಕ್ಕೆ ರುಜು ಹಾಕಿಸಿಕೊಂಡ. ಅದೇ ವರ್ಷ ಫ್ರಾನ್ಸಿನಲ್ಲಿ ನಿಕೊಲಾ ಜೋಸೆಫ್ ಕುನ್ಯೋ ಎಂಬ ಸೇನಾ ಎಂಜಿನಿಯರ್ ಉಗಿಯಿಂದ ಓಡುವ ಮೂರು ಚಕ್ರದ ಬಂಡಿಯೊಂದನ್ನು ಓಡಿಸಿ ತೋರಿಸಿದ. ಭೂಮಿಯ ಮೇಲೆ ಯಂತ್ರಬಲದಿಂದ ನಡೆದ ಮೊದಲ ವಾಹನವೆಂದು ಮೋಟಾರಿನ ಚರಿತ್ರೆ ಎಣಿಸುವುದು ಇದನ್ನೇ. ಅದರ ಉದ್ದೇಶ ಜನರನ್ನು ಒಯ್ಯುವುದಲ್ಲ, ಫಿರಂಗಿ ಹೊರುವುದು. ಗಂಟೆಗೆ ನಾಲ್ಕು ಕಿಲೋಮೀಟರಿನಂತೆ ತೆವಳುತ್ತ, ಉಗಿ ತುಂಬಿಸಿಕೊಳ್ಳಲು ಆಗಾಗ ನಿಲ್ಲುತ್ತಿದ್ದ ಆ ಬಂಡಿಯನ್ನು ಫ್ರೆಂಚ್ ಸೇನೆ ಮೂಲೆಗಿಟ್ಟಿತು. ಈಗಲೂ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿದೆ. ಮೈಸೂರಿನ ಎತ್ತು ಅದನ್ನು ನೋಡಿದ್ದರೆ ನಗುತ್ತಿತ್ತು.

ತಾನೇ ನಡೆಯುವ ತೋಪು ನಿಜವಾಗಿ ಮೈತಳೆದದ್ದು ಮೊದಲ ಮಹಾಯುದ್ಧದಲ್ಲಿ. 1917ರಲ್ಲಿ ಬ್ರಿಟಿಷರು ಹೊಸದಾಗಿ ಹುಟ್ಟಿದ್ದ ಟ್ಯಾಂಕಿನ ಭಾಗಗಳಿಂದಲೇ ಫಿರಂಗಿ ಹೊರುವ ಗಾಡಿಯನ್ನು ಮಾಡಿದರು. 1925ರಲ್ಲಿ ಜನರಲ್ ನೋಯೆಲ್ ಬರ್ಚ್ ಅವರ ಹೆಸರಿನ ‘ಬರ್ಚ್ ಗನ್’ ಬಂತು; ಶಾಂತಿಕಾಲದ ಜಿಪುಣತನ ಅದನ್ನು ಬೇಗನೆ ನುಂಗಿತು. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳ ವೇಗಕ್ಕೆ ಎಳೆಯುವ ತೋಪು ಹಿಂದೆ ಬಿದ್ದಾಗ ಎಲ್ಲ ಸೇನೆಗಳೂ ಇದರ ಬೆನ್ನು ಹತ್ತಿದವು. ಬ್ರಿಟಿಷರು ಇವಕ್ಕೆ ಇಗರ್ಜಿಯ ಹೆಸರುಗಳನ್ನಿಟ್ಟದ್ದು ಒಂದು ತಮಾಷೆ. ಮೊದಲು ಬಿಷಪ್, ಬಳಿಕ ಅಮೆರಿಕದಿಂದ ಬಂದದ್ದು, ಅದರ ಮೆಷಿನ್ ಗನ್ನಿನ ದುಂಡು ಕಟ್ಟೆ ಪಾದ್ರಿ ನಿಂತು ಉಪದೇಶ ಮಾಡುವ ಪೀಠದಂತಿದ್ದುದರಿಂದ, ಪ್ರೀಸ್ಟ್, ಕೆನಡಾದಲ್ಲಿ ಕಟ್ಟಿದ್ದು ಸೆಕ್ಸ್‌ಟನ್, ಯುದ್ಧಾನಂತರದ್ದು ಅಬಟ್. ಕೊನೆಯ ಎರಡು ಸ್ವತಂತ್ರ ಭಾರತದ ಸೇನೆಯಲ್ಲೂ ಕೆಲಸ ಮಾಡಿದವು.

ಆದರೆ ಅವು ಹಗುರ ತೋಪುಗಳು. ದೂರ ಹೊಡೆಯುವ ತೋಪು ಬೇಕೆನಿಸಿದಾಗ ಭಾರತ ಕೈಯಲ್ಲಿದ್ದ ಎರಡು ವಸ್ತುಗಳನ್ನು ಜೋಡಿಸಿತು. ಒಂದು, ಬ್ರಿಟನ್ನಿನ ವಿಕರ್ಸ್ ಕಂಪೆನಿಯ ವಿನ್ಯಾಸದಂತೆ ಮದರಾಸಿನ ಆವಡಿಯಲ್ಲಿ ತಯಾರಾಗುತ್ತಿದ್ದ ವಿಜಯಂತ ಟ್ಯಾಂಕು. ಇನ್ನೊಂದು, ಸೋವಿಯತ್ ಒಕ್ಕೂಟದಿಂದ ಕೊಂಡ 130 ಮಿಲಿಮೀಟರಿನ ಎಂ-46 ತೋಪು. ಇದರ ಗುಂಡು 27 ಕಿಲೋಮೀಟರ್ ಹೋಗುತ್ತಿತ್ತು. ವಿಜಯಂತದ ಒಡಲನ್ನು ಉದ್ದ ಮಾಡಿ, ಮೇಲಿನ ಗೋಪುರ ತೆಗೆದು, ಆ ಜಾಗದಲ್ಲಿ ಎಂ-46ನ್ನು ಕೂರಿಸಿದರು. ಹೆಸರು ಕ್ಯಾಟಪಲ್ಟ್, ಅಂದರೆ ಕವಣೆ. 1980ರ ದಶಕದಲ್ಲಿ ಇಂಥವು ಸುಮಾರು 170 ಆದವು. ಸುತ್ತ ಉಕ್ಕಿನ ಗೋಡೆಯಿಲ್ಲ, ತಲೆಯ ಮೇಲೆ ತಗಡಿನ ಚಾವಣಿಯಂಥದೊಂದು ಮಾತ್ರ. ಅದರ ಮೇಲೆ ನಿಂತ ಗೋಲಂದಾಜರಿಗೆ ಮರುಭೂಮಿಯ ಬಿಸಿಲಿನಿಂದ ರಕ್ಷಣೆಯಿತ್ತು, ಶತ್ರುವಿನ ಗುಂಡಿನ ಚೂರಿನಿಂದ ಅಷ್ಟಾಗಿ ಇರಲಿಲ್ಲ. ಬ್ರಿಟಿಷ್ ದೇಹ, ರಷ್ಯದ ತಲೆ, ಭಾರತದ ಬೆಸುಗೆ. ಚೆಂದದ ಯಂತ್ರವಲ್ಲದಿದ್ದರೂ ಬಹುಕಾಲ ಟ್ಯಾಂಕುಗಳ ಜತೆಗೆ ನಡೆಯಬಲ್ಲ ಭಾರಿ ತೋಪೆಂದರೆ ಅದೊಂದೇ.

1986ರಲ್ಲಿ ಕೊಂಡ 410 ಬೊಫೋರ್ಸ್ ತೋಪುಗಳು ಎಳೆಯುವ ಜಾತಿಯವು. ಆದರೂ ಅದಕ್ಕೊಂದು ಪುಟ್ಟ ಎಂಜಿನ್ ಇದೆ. ಲಾರಿಯಿಂದ ಕಳಚಿದ ಮೇಲೆ ಸ್ವಲ್ಪ ದೂರ ತಾನೇ ಉರುಳಿ ಜಾಗ ಬದಲಿಸಬಲ್ಲದು. ಅಷ್ಟು ಪುಟ್ಟ ಎಂಜಿನ್ ಏಕೆ ಮುಖ್ಯ ಎಂಬುದಕ್ಕೆ ಉತ್ತರ ಬೆಂಗಳೂರಿನಲ್ಲೇ ತಯಾರಾಗುವ ಒಂದು ಯಂತ್ರದಲ್ಲಿದೆ. ಶತ್ರುವಿನ ಗುಂಡು ಆಕಾಶದಲ್ಲಿ ಬಿಡಿಸುವ ಬಿಲ್ಲಿನ ಗೆರೆಯನ್ನು ಹಿಡಿದು, ಅದು ಯಾವ ತೋಪಿನಿಂದ ಹೊರಟಿತು ಎಂದು ಲೆಕ್ಕ ಹಾಕಿ ಹೇಳುವ ರೇಡಾರುಗಳಿವೆ. ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯ ರೂಪಿಸಿ, ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುವ ‘ಸ್ವಾತಿ’ ಅಂಥದ್ದು. ಎರಡೂ ಕಡೆ ಇಂಥ ಕಣ್ಣುಗಳಿರುವಾಗ ಹಾರಿಸಿದ ಜಾಗದಲ್ಲೇ ನಿಂತ ತೋಪಿಗೆ ಕೆಲವೇ ನಿಮಿಷಗಳಲ್ಲಿ ಉತ್ತರ ಬಂದು ಬೀಳುತ್ತದೆ. ಹಾರಿಸಬೇಕು, ಕಾಲ್ತೆಗೆಯಬೇಕು. ಹೈದರನ ಯುದ್ಧನೀತಿಯೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ.

ಬೊಫೋರ್ಸ್ ಹಗರಣದ ಬಳಿಕ ದೊಡ್ಡ ತೋಪಿನ ಕಡತಕ್ಕೆ ಕೈಹಾಕಲು ದೆಹಲಿ ಅಂಜಿತು. 1990ರ ದಶಕದ ಕೊನೆಯಲ್ಲಿ ಅರ್ಜುನ್ ಟ್ಯಾಂಕಿನ ಒಡಲ ಮೇಲೆ ದಕ್ಷಿಣ ಆಫ್ರಿಕದ ಡೆನೆಲ್ ಕಂಪೆನಿಯ 155 ಮಿಲಿಮೀಟರ್ ತೋಪನ್ನಿಟ್ಟು ‘ಭೀಮ್’ ಎಂಬುದನ್ನು ಕಟ್ಟಿದರು. ಈ ಯೋಜನೆಯಲ್ಲಿ ಬೆಂಗಳೂರಿನ ಬೆಮೆಲ್‌ಗೂ ಪಾಲಿತ್ತು. 1964ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ದೊಡ್ಡ ಕಾರ್ಖಾನೆ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿದೆ. 2001ರಲ್ಲಿ ಗಣಿ ಮುಚ್ಚಿದ ಆ ಊರಿಗೆ ಇಂಥ ಕೆಲಸದ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಬೇರೊಂದು ವ್ಯವಹಾರದಲ್ಲಿ ದಳ್ಳಾಳಿ ಹಣದ ಆರೋಪ ಬಂದು 2005ರಲ್ಲಿ ಡೆನೆಲನ್ನು ಕಪ್ಪುಪಟ್ಟಿಗೆ ಸೇರಿಸಲಾಯಿತು. ಭೀಮ್ ಅಲ್ಲಿಗೇ ನಿಂತಿತು. ಆರೋಪದ ತನಿಖೆ ಕೊನೆಗೆ ಮೊಕದ್ದಮೆಯಾಗದೆ ಮುಕ್ತಾಯವಾಯಿತು. ಕಳೆದ ವರ್ಷಗಳು ಮಾತ್ರ ಮರಳಲಿಲ್ಲ. ಬೆಮೆಲ್ ತಯಾರಿಸಿದ ಟಾಟ್ರಾ ಟ್ರಕ್ಕುಗಳ ಬೆನ್ನೇರಿದ್ದು ಬೇರೊಂದು ಆಯುಧ, ಪಿನಾಕ ರಾಕೆಟ್. 1999ರ ಕಾರ್ಗಿಲ್ ಯುದ್ಧದಲ್ಲಿ ಅದನ್ನು ಪರೀಕ್ಷೆಗೆ ಹಚ್ಚಿದರು.

ಸೇನೆಗೆ ಬೇಕಾದ ತೋಪು ಕೊನೆಗೂ ಬಂದದ್ದು ದಕ್ಷಿಣ ಕೊರಿಯದಿಂದ. 2017ರಲ್ಲಿ ನೂರು ‘ಕೆ-9 ವಜ್ರ’ಗಳಿಗೆ ಎಲ್ ಅಂಡ್ ಟಿ ಸಂಸ್ಥೆಯೊಡನೆ ಒಪ್ಪಂದವಾಯಿತು. ಗುಜರಾತಿನ ಹಜೀರಾದಲ್ಲಿ ಕಟ್ಟಿದ ಅವುಗಳಲ್ಲಿ ಕೊನೆಯದು 2021ರ ಫೆಬ್ರವರಿಯಲ್ಲಿ ಸೇನೆ ಸೇರಿತು. 2024ರ ಡಿಸೆಂಬರಿನಲ್ಲಿ ಇನ್ನಷ್ಟಕ್ಕೆ 7,628 ಕೋಟಿ ರೂಪಾಯಿಯ ಒಪ್ಪಂದವಾಯಿತು. ಸಾವಿರ ಅಶ್ವಶಕ್ತಿಯ ಎಂಜಿನ್, ಐದು ಮಂದಿ, ಹದಿನೈದು ಸೆಕೆಂಡಿನಲ್ಲಿ ಮೂರು ಗುಂಡು. ಮರುಭೂಮಿಗೆಂದು ತಂದ ಇವನ್ನು 2021ರಲ್ಲಿ ಲಡಾಖಿಗೂ ಏರಿಸಿದರು.

ಇತ್ತ ಅಮೃತಮಹಲಿಗೆ ಎಳೆಯಲು ತೋಪಿಲ್ಲದೆ ಬಹಳ ಕಾಲವಾಯಿತು. ಲಾರಿ, ಟ್ರ್ಯಾಕ್ಟರುಗಳು ಬಂದ ಮೇಲೆ ಉಳುವ ಕೆಲಸವೂ ಕಡಿಮೆಯಾಯಿತು. ಹಾಲು ಹೇಗೂ ಅಲ್ಪ. ಅಜ್ಜಂಪುರದ ಸರ್ಕಾರಿ ಕೇಂದ್ರ ಮತ್ತು ಉಳಿದ ಕಾವಲುಗಳಲ್ಲಿ ತಳಿ ಉಳಿದುಕೊಂಡಿದೆ. ಕಾವಲುಗಳು ಒಂದೊಂದಾಗಿ ಸಾಗುವಳಿಗೆ, ನಿವೇಶನಕ್ಕೆ, ಕಾರ್ಖಾನೆಗೆ ಹೋಗಿವೆ. ಅವುಗಳಲ್ಲಿ ದೊಡ್ಡವು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಸುತ್ತ ಇದ್ದವು. ನೋಡುವ ಕಣ್ಣಿಗೆ ಬರಡು ಬಯಲು. ಕೃಷ್ಣಮೃಗಕ್ಕೆ, ಎರಲಡ್ಡಿನಂಥ ಅಳಿವಿನಂಚಿನ ಹಕ್ಕಿಗೆ, ಸುತ್ತಲ ಹಳ್ಳಿಗಳ ದನ ಕುರಿಗಳಿಗೆ ಅದೇ ಬದುಕು. ಉಳ್ಳಾರ್ತಿ, ಖುದಾಪುರ, ವರವು ಕಾವಲುಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒಗೆ 4,290 ಎಕರೆ, ಬಾಬಾ ಅಣುಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ ಕೊಡಲಾಯಿತು. ಬೇಲಿ, ಗೋಡೆಗಳು ಎದ್ದಾಗ ಮೇವಿನ ನೆಲ ಕಳೆದುಕೊಂಡ ಹಳ್ಳಿಗಳವರು ಪ್ರತಿಭಟಿಸಿದರು. ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. ಗೋಡೆಗಳು ನಿಂತವು. 2016ರ ನವೆಂಬರಿನಲ್ಲಿ ಅಲ್ಲಿಯ ಹೊಸ ಓಡುಹಾದಿಯಿಂದ ಬೆಂಗಳೂರಿನ ಎಂಜಿನಿಯರುಗಳು ರೂಪಿಸಿದ ರುಸ್ತುಂ-2 ಎಂಬ ಚಾಲಕನಿಲ್ಲದ ವಿಮಾನ ಮೊದಲ ಸಲ ಹಾರಿತು. 2017ರ ಮೇ 28ರಂದು ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯ ವಿಧ್ಯುಕ್ತವಾಗಿ ಆರಂಭವಾಯಿತು. ತೋಪಿನ ಎತ್ತು ಮೇಯ್ದ ನೆಲ ಮತ್ತೆ ಯುದ್ಧಸಾಮಗ್ರಿಯ ಕೆಲಸಕ್ಕೇ ಬಂದಿತ್ತು. ಕಾವಲಿನ ದನಗಳು ಗೋಡೆಯ ಹೊರಬದಿಯಲ್ಲಿ ಮೇಯುತ್ತಿದ್ದವು.